ನಿಂತರೆ ನಷ್ಟ, ಓಡಿದರೆ ಯಾರಿಗೋ ಕಷ್ಟ: ಒಂದು ಆಂಬುಲೆನ್ಸ್ ಸಿನಿಮಾದ ಲೆಕ್ಕ

ಬಿಯರ್ ಕುಡಿಯುತ್ತಾ ಆಂಬುಲೆನ್ಸ್ ಓಡಿಸುವವನೊಬ್ಬ. ರಸ್ತೆ ಬದಿಯಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆದು ಹೋಗುತ್ತಿದ್ದರೆ ಬೇಕಂತಲೇ ಹತ್ತಿರ ಬಂದು ಸೈರನ್ ಬಾರಿಸಿ ಅವರನ್ನು ಬೆಚ್ಚಿಬೀಳಿಸುತ್ತಾನೆ. ಎಲ್ಲಿಗೂ ಅವಸರವಿಲ್ಲ. ಸುಮ್ನೆ ತಮಾಷೆಗೆ. 1976ರಲ್ಲಿ ಬಂದ ‘ಮದರ್, ಜಗ್ಸ್ ಅಂಡ್ ಸ್ಪೀಡ್’ ಅನ್ನೋ ಅಮೆರಿಕನ್ ಡಾರ್ಕ್ ಕಾಮಿಡಿಯ ನಾಯಕ ಇವನೇ. ನಿರ್ದೇಶಕ ಪೀಟರ್ ಯೇಟ್ಸ್, ಚಿತ್ರಕಥೆ ಟಾಮ್ ಮ್ಯಾಂಕೆವಿಚ್ ಅವರದು, ಇವರು ಜೇಮ್ಸ್ ಬಾಂಡ್ ಸಿನಿಮಾಗಳಿಗೂ ಬರೆದವರು.

ಈ ಸಿನಿಮಾ ಬಗ್ಗೆ ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ. ಸಾವು ಬದುಕಿನ ನಡುವೆ ಇರುವವರನ್ನು ಹೊತ್ತುಕೊಂಡು ಹೋಗುವ ಗಾಡಿಯಲ್ಲಿ ನಗೋದೇನಿದೆ ಮಾರಾಯ್ರೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಮ್ಮಲ್ಲಿ ಗಾದೆಯೇ ಇದೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಗಮನವಿಟ್ಟು ನೋಡಿದರೆ ಈ ಸಿನಿಮಾ ರೋಗಿಯನ್ನು ನೋಡಿ ನಗುವುದು ಕಡಿಮೆ, ಆಂಬುಲೆನ್ಸಿನ ಬಾಡಿಗೆ ಲೆಕ್ಕವನ್ನು ನೋಡಿ ನಗುವುದು ಜಾಸ್ತಿ. ಆ ಲೆಕ್ಕ ಗೊತ್ತಿಲ್ಲದಿದ್ದರೆ ಅರ್ಧ ಜೋಕು ತಲೆ ಮೇಲೆ ಹಾರಿ ಹೋಗುತ್ತದೆ. ಗೊತ್ತಾದ ಮೇಲೆ ನಮ್ಮ ಹಾಸನ, ಚಿಕ್ಕಮಗಳೂರಿನ ಆಸ್ಪತ್ರೆ ಗೇಟಿನ ಮುಂದೆ ನಿಂತಿರುವ ಗಾಡಿಗಳೂ ಬೇರೆ ಥರ ಕಾಣಿಸತೊಡಗುತ್ತವೆ. ಹಾಗಾಗಿ ಮೊದಲು ಲೆಕ್ಕವನ್ನೇ ಬಿಡಿಸೋಣ.

ಕಥೆ ನಡೆಯುವುದು ಲಾಸ್ ಏಂಜಲಿಸ್‌ನಲ್ಲಿ. ಅಲ್ಲೊಂದು ಪುಟ್ಟ ಖಾಸಗಿ ಆಂಬುಲೆನ್ಸ್ ಕಂಪನಿ. ಮಾಲೀಕನ ಹೆಸರು ಹ್ಯಾರಿ ಫಿಶ್‌ಬೈನ್. ಎದುರಾಳಿ ಕಂಪನಿಯ ಹೆಸರು ಯೂನಿಟಿ. ಇಬ್ಬರ ಕಣ್ಣೂ ನಗರದ ಗುತ್ತಿಗೆ ಮೇಲೆ. ಗುತ್ತಿಗೆ ಸಿಕ್ಕರೆ ಬದುಕು, ಇಲ್ಲದಿದ್ದರೆ ಶಟರ್ ಎಳೆಯುವುದೇ. ಈ ಪೈಪೋಟಿಯ ನಡುವೆ ಮೂರು ಜನ. ಮೊದಲೇ ಹೇಳಿದ ಆ ಬಿಯರ್ ಚಾಲಕ, ಮದರ್ ಅನ್ನುವ ಹಳೇ ಹುಲಿ. ಫೋನ್ ಬೋರ್ಡ್ ಮುಂದೆ ಕೂತು ಕರೆ ಸ್ವೀಕರಿಸುತ್ತಲೇ, ಯಾರಿಗೂ ಹೇಳದೆ ರಾತ್ರಿ ತರಗತಿಗೆ ಹೋಗಿ ತುರ್ತು ಚಿಕಿತ್ಸೆಯ ಲೈಸೆನ್ಸ್ ಪಡೆಯುವ ಜೆನಿಫರ್. ಪೊಲೀಸ್ ಇಲಾಖೆಯಿಂದ ಸಸ್ಪೆಂಡ್ ಆಗಿ ಬೇರೆ ದಾರಿ ಕಾಣದೆ ಇಲ್ಲಿಗೆ ಬಂದು ಸೇರುವ ಸ್ಪೀಡ್. ನಗುತ್ತಾ ನಗುತ್ತಾ ಇರುವಾಗಲೇ ಲೆರಾಯ್ ಅನ್ನುವ ಹುಡುಗ ಕರೆ ಬಂದ ಕಡೆ ಹೋಗಿ, ಮಾದಕ ವ್ಯಸನಿಯ ಗುಂಡಿಗೆ ಬಲಿಯಾಗುತ್ತಾನೆ. ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಜೀವ ಉಳಿಸುವ ಕೆಲಸಕ್ಕೆ ಟೆಂಡರ್ ಪೈಪೋಟಿ ಯಾಕೆ ಬಂತು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1960ರ ದಶಕದ ಮಧ್ಯದವರೆಗೂ ಅಮೆರಿಕದ ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧದಷ್ಟನ್ನು ನಡೆಸುತ್ತಿದ್ದವರು ಯಾರು ಗೊತ್ತಾ? ಹೆಣ ಸಾಗಿಸಿ ಅಂತ್ಯಸಂಸ್ಕಾರ ಮಾಡುವ ವ್ಯಾಪಾರಿಗಳು. ಕಾರಣ ಬಹಳ ಸರಳ. ಊರಲ್ಲಿ ಮನುಷ್ಯನನ್ನು ಉದ್ದಕ್ಕೆ ಮಲಗಿಸಿ ಒಯ್ಯುವಷ್ಟು ದೊಡ್ಡ ಗಾಡಿ ಇದ್ದದ್ದು ಅವರ ಬಳಿ ಮಾತ್ರ. ಒಂದೇ ಗಾಡಿ, ಬೆಳಗ್ಗೆ ಆಂಬುಲೆನ್ಸ್, ಸಂಜೆ ಶವವಾಹನ. ರೋಗಿ ಬದುಕಿದರೆ ಒಂದು ಬಿಲ್ಲು, ಸತ್ತರೆ ಇನ್ನೂ ದೊಡ್ಡ ಬಿಲ್ಲು. ಇದನ್ನು ಯಾವ ಸಿನಿಮಾ ಬರಹಗಾರನೂ ಕಲ್ಪಿಸಿ ಬರೆಯಬೇಕಾಗಿರಲಿಲ್ಲ. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಒಂದು ವರದಿ ಬಂತು. ಅಪಘಾತದ ಸಾವುಗಳನ್ನು ಅದು ಆಧುನಿಕ ಸಮಾಜ ಕಡೆಗಣಿಸಿದ ಕಾಯಿಲೆ ಎಂದು ಕರೆಯಿತು. ಅಲ್ಲಿಂದ ನಿಯಮ, ತರಬೇತಿ, ಉಪಕರಣ ಎಲ್ಲ ಶುರುವಾದವು. ಖರ್ಚು ಏರಿತು. ಶವಸಂಸ್ಕಾರದವರು ಕೈಬಿಟ್ಟರು. ಖಾಲಿಯಾದ ಜಾಗದಲ್ಲಿ ಕೆಲವು ಕಡೆ ಅಗ್ನಿಶಾಮಕ ದಳ, ಕೆಲವು ಕಡೆ ನಗರಾಡಳಿತ, ಉಳಿದ ಕಡೆ ಫಿಶ್‌ಬೈನ್‌ನಂಥವರು ಬಂದು ಕೂತರು.

ಇದೇ ಹೊತ್ತಿನಲ್ಲಿ ನಡೆದ ಇನ್ನೊಂದು ಕಥೆ ಇದೆ, ಅದು ನನಗೆ ಸಿನಿಮಾಗಿಂತ ಜಾಸ್ತಿ ಹಿಡಿಸಿದ್ದು. ಪಿಟ್ಸ್‌ಬರ್ಗ್ ನಗರದಲ್ಲಿ ಆಗ ರೋಗಿಗಳನ್ನು ಪೊಲೀಸ್ ವ್ಯಾನ್‌ನಲ್ಲೇ ತುಂಬಿಕೊಂಡು ಹೋಗುತ್ತಿದ್ದರು. ಹಿಂದೆ ಕೂತು ಉಸಿರು ನೋಡುವವರು ಯಾರೂ ಇಲ್ಲ. ಪೀಟರ್ ಸಫರ್ ಎಂಬ ಡಾಕ್ಟರು, ಎದೆ ಒತ್ತಿ, ಬಾಯಿಂದ ಉಸಿರು ಊದಿ ಜೀವ ಹಿಡಿದಿಡುವ, ಇವತ್ತು ನಾವು ಸಿಪಿಆರ್ ಅಂತ ಕರೆಯುವುದನ್ನು ರೂಪಿಸಿದವರಲ್ಲಿ ಪ್ರಮುಖರು, 1966ರಲ್ಲಿ ಸ್ವಂತ ಮಗಳನ್ನೇ ಆಸ್ತಮಾದಿಂದ ಕಳೆದುಕೊಂಡಿದ್ದರು. ಮರುವರ್ಷ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆ ಶುರುವಾಯಿತು. ಬಡ ಬಡಾವಣೆಯ ಕಪ್ಪು ಯುವಕರು, ಹೆಚ್ಚಿನವರಿಗೆ ಕೆಲಸವೇ ಇರಲಿಲ್ಲ, ಅವರಿಗೆ ಸಫರ್ ತಿಂಗಳುಗಟ್ಟಲೆ ತರಬೇತಿ ಕೊಡಿಸಿದರು. ಅವರು ದಾರಿಯಲ್ಲೇ ತುರ್ತು ಚಿಕಿತ್ಸೆ ಕೊಡಬಲ್ಲ, ದೇಶದಲ್ಲೇ ಮೊದಲ ಪ್ಯಾರಾಮೆಡಿಕ್‌ಗಳ ಸಾಲಿಗೆ ಸೇರಿದರು. ಎಷ್ಟು ಚೆನ್ನಾಗಿ ಮಾಡಿದರೂ ನಗರಾಡಳಿತಕ್ಕೆ ರುಚಿಸಲಿಲ್ಲ. 1975ರಲ್ಲಿ ನಗರ ತನ್ನದೇ ಸೇವೆ ಶುರುಮಾಡಿ ಇವರನ್ನು ಮುಚ್ಚಿಸಿತು. ಸಿನಿಮಾ ತೆರೆಗೆ ಬಂದದ್ದು ಮರುವರ್ಷ. ಗುತ್ತಿಗೆ ಯಾರ ಕೈಗೆ ಅನ್ನುವ ಸಿನಿಮಾದ ಜಗಳ ಎಷ್ಟು ಬಿಸಿಯಾಗಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

ಈಗ ಲೆಕ್ಕದ ತಿರುಳು. ನಮ್ಮ ಕಾಫಿ ತೋಟದ ಡೀಸೆಲ್ ಪಂಪ್‌ಸೆಟ್ ಇದೆಯಲ್ಲ, ವರ್ಷದಲ್ಲಿ ಹೆಚ್ಚಿನ ದಿನ ಶೆಡ್‌ನಲ್ಲಿ ಟಾರ್ಪಾಲ್ ಹೊದ್ದು ಮಲಗಿರುತ್ತದೆ. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟ ವರ್ಷ ಮಾತ್ರ ಸ್ಪ್ರಿಂಕ್ಲರ್ ಪೈಪ್ ಜೋಡಿಸಿ ಹಗಲು ರಾತ್ರಿ ಓಡಿಸಬೇಕು, ಆಗ ಅದು ಸ್ಟಾರ್ಟ್ ಆಗದಿದ್ದರೆ ಆ ವರ್ಷದ ಫಸಲೇ ಹೋಯ್ತು. ಅದರ ಬೆಲೆ ಇರುವುದು ಓಡಿದ ಗಂಟೆಗಳಲ್ಲಿ ಅಂತ ಯಾವ ಪ್ಲಾಂಟರೂ ಹೇಳುವುದಿಲ್ಲ. ಬೇಕಾದ ದಿನ ತಯಾರಿರಬೇಕು, ಅಷ್ಟೆ. ಆಂಬುಲೆನ್ಸೂ ಹಾಗೆ. ಒಬ್ಬರಿಗೆ ಎದೆ ಹಿಡಿದ ಕ್ಷಣದಲ್ಲಿ ಹತ್ತಿರದಲ್ಲೆಲ್ಲೋ ಒಂದು ಗಾಡಿ ಖಾಲಿ ನಿಂತಿರಬೇಕು. ಅಂದರೆ ಉಳಿದ ಹೊತ್ತೆಲ್ಲ ಅದು ಸುಮ್ಮನೆ ನಿಂತಿದ್ದೇ ಅದರ ಕೆಲಸ. ಆದರೆ ಸುಮ್ಮನೆ ನಿಂತಿದ್ದಕ್ಕೆ ದುಡ್ಡು ಕೊಡುವವರು ಯಾರು?

ಇದಕ್ಕೆ ಎರಡೇ ಉತ್ತರ. ಒಂದು, ಟ್ರಿಪ್ಪಿಗೆ ಇಷ್ಟು ಅಂತ ರೋಗಿ ಕೊಡಬೇಕು. ಆಗ ನಿಂತ ಪ್ರತಿ ಗಂಟೆಯೂ ಮಾಲೀಕನಿಗೆ ನಷ್ಟ, ಹಾಗಾಗಿ ಗಾಡಿಗಳು ರೋಗಿಯ ಹಿಂದೆ ಬೀಳುತ್ತವೆ, ದುಡ್ಡು ಕೊಡುವವರನ್ನು ಮೊದಲು ಹತ್ತಿಸಿಕೊಳ್ಳುತ್ತವೆ. ಇನ್ನೊಂದು, ನಿಂತಿರುವುದಕ್ಕೇ ಸರ್ಕಾರ ದುಡ್ಡು ಕೊಡಬೇಕು. ಆಗ ಬಡವರಿಗೂ ಗಾಡಿ ಸಿಗುತ್ತದೆ, ಆದರೆ ಖರ್ಚು ಉಳಿಸುವ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುವುದೇ ನಿಂತ ಗಾಡಿ. ಇದು ಯಾಕೆ ಸುಮ್ನೆ ನಿಂತಿದೆ, ಕಡಿಮೆ ಮಾಡಿ ಅಂತ ಫೈಲು ಓಡುತ್ತದೆ. ಸಿನಿಮಾದ ಫಿಶ್‌ಬೈನ್ ಮೊದಲನೇ ಲೋಕದಲ್ಲಿ ಸಾಲ ಮಾಡಿಕೊಂಡು ಎರಡನೇ ಲೋಕದ ಗುತ್ತಿಗೆಗೆ ಬಾಯಿಬಿಡುತ್ತಿರುವವನು. ಅವನ ಎಲ್ಲ ಪೇಚಾಟವೂ, ಎಲ್ಲ ಜೋಕೂ ಹುಟ್ಟುವುದು ಈ ಎರಡರ ಮಧ್ಯದ ಸಂದಿಯಲ್ಲಿ. ಅಮೆರಿಕದಲ್ಲಿ ಇದು ಇವತ್ತಿಗೂ ಮುಗಿದಿಲ್ಲ. ಆಸ್ಪತ್ರೆಯ ಅನಿರೀಕ್ಷಿತ ಬಿಲ್ಲುಗಳಿಂದ ರೋಗಿಗಳನ್ನು ಕಾಪಾಡಲು 2022ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನು ಹೆಲಿಕಾಪ್ಟರ್ ಆಂಬುಲೆನ್ಸನ್ನು ಒಳಗೆ ಸೇರಿಸಿಕೊಂಡು ರಸ್ತೆ ಮೇಲೆ ಓಡುವ ಆಂಬುಲೆನ್ಸನ್ನು ಹೊರಗೇ ಬಿಟ್ಟಿತು.

ಇನ್ನು ನಮ್ಮ ಊರಿಗೆ ಬರೋಣ. ಇಲ್ಲಿ ಎರಡೂ ಲೋಕ ಒಂದೇ ಗೇಟಿನ ಮುಂದೆ ಸಿಗುತ್ತವೆ.

108 ಹುಟ್ಟಿದ್ದು ಹೈದರಾಬಾದ್‌ನಲ್ಲಿ, 2005ರ ಆಗಸ್ಟ್ 15ರಂದು. ಶುರುಮಾಡಿದ್ದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು. ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಹೆಸರಲ್ಲಿ ಬಂದದ್ದು 2008ರ ರಾಜ್ಯೋತ್ಸವದ ದಿನ. ಎರಡು ತಿಂಗಳು ಕಳೆದು 2009ರ ಜನವರಿಯಲ್ಲಿ ರಾಜು ಅವರೇ ಸತ್ಯಂ ಲೆಕ್ಕಪತ್ರದಲ್ಲಿ ತಾನು ವರ್ಷಗಟ್ಟಲೆ ಸುಳ್ಳು ಬರೆಸಿದ್ದಾಗಿ ಒಪ್ಪಿಕೊಂಡರು. ಲಕ್ಷಾಂತರ ಜೀವ ಉಳಿಸಿದ ವ್ಯವಸ್ಥೆಯ ತಳದಲ್ಲಿ ದೇಶದ ದೊಡ್ಡ ಲೆಕ್ಕಪತ್ರ ಹಗರಣದ ಮನುಷ್ಯ. ಡಾರ್ಕ್ ಕಾಮಿಡಿಗೆ ಬೇರೆ ಕಥೆ ಬೇಕಾ? ಆಮೇಲೆ ಅದನ್ನು ಜಿವಿಕೆ ಗುಂಪು ವಹಿಸಿಕೊಂಡಿತು, ಗಾಡಿಗಳು ನಿಲ್ಲದೆ ಓಡಿದವು.

108ರಲ್ಲಿ ಗಾಡಿ ಓಡಿಸುವವರನ್ನು ಪೈಲಟ್ ಅಂತಾರೆ, ಹಿಂದೆ ರೋಗಿ ಪಕ್ಕ ಇರುವವರು ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು. ರೋಗಿ ಕಡೆಯವರು ಕಾಸು ಕೊಡಬೇಕಿಲ್ಲ, ಖರ್ಚು ಸರ್ಕಾರದ್ದು. ಅಂದರೆ ಇದು ಎರಡನೇ ಲೋಕ. ಇದರ ತೊಂದರೆಯೂ ಎರಡನೇ ಲೋಕದ್ದೇ. ಸರ್ಕಾರ ಸಂಸ್ಥೆಗೆ, ಸಂಸ್ಥೆ ಸಿಬ್ಬಂದಿಗೆ ಅಂತ ದುಡ್ಡು ಕೈಯಿಂದ ಕೈಗೆ ಹೋಗುವಾಗ ಸಂಬಳ ತಡವಾಗುತ್ತದೆ, ಸಿಬ್ಬಂದಿ ಮುಷ್ಕರದ ಮಾತಾಡುತ್ತಾರೆ, ಪೇಪರಿನಲ್ಲಿ ಸುದ್ದಿ ಬರುತ್ತದೆ. ಇದು ಒಂದು ಸಲದ್ದಲ್ಲ, ಕೆಲವು ವರ್ಷಗಳಿಂದ ಪದೇ ಪದೇ ಓದುತ್ತಿರುವುದೇ. 2022ರ ಸೆಪ್ಟೆಂಬರ್ ಕೊನೆಯಲ್ಲಂತೂ ತಾಂತ್ರಿಕ ದೋಷದಿಂದ 108ರ ಕಾಲ್ ಸೆಂಟರೇ ಕೈಕೊಟ್ಟು ರಾಜ್ಯದ ತುಂಬ ಜನ ಪರದಾಡಿದರು.

ಅದೇ ಗೇಟಿನ ಆಚೆ ಬದಿಯಲ್ಲಿ ಖಾಸಗಿ ಗಾಡಿಗಳ ಸಾಲು. ಓಮ್ನಿ, ಇಕೋ, ದೊಡ್ಡದಾದರೆ ಟ್ರಾವೆಲರ್. ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಫೋನ್ ನಂಬರ್, ಎಸಿ, ಆಕ್ಸಿಜನ್, ಐಸಿಯು ಅಂತ ಸ್ಟಿಕರ್. ಒಳಗೆ ಇಣುಕಿ ನೋಡಿದರೆ ಕೆಲವದರಲ್ಲಿ ಒಂದು ಸ್ಟ್ರೆಚರ್, ಒಂದು ಸಿಲಿಂಡರ್, ಅಟೆಂಡರ್ ಕೂರಲು ಒಂದು ಬೆಂಚು, ಡ್ಯಾಶ್‌ಬೋರ್ಡ್ ಮೇಲೆ ದೇವರ ಫೋಟೋ, ಅಷ್ಟೇ. ಇಲ್ಲಿನ ಮುಖ್ಯ ಪದ ‘ರೆಫರ್’. ಡಾಕ್ಟರು ಮೈಸೂರಿಗೆ, ಮಂಗಳೂರಿಗೆ ಇಲ್ಲವೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದ ಕೂಡಲೇ ಕಾರಿಡಾರ್‌ನಿಂದ ಗೇಟಿಗೆ ಸುದ್ದಿ ಮುಟ್ಟುತ್ತದೆ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಮನೆಯವರು ಅಳುತ್ತಾ ಬಾಡಿಗೆ ಕೇಳಿದರೆ ಹೇಳುವ ರೇಟು ಹೋಗಿ ಬರುವ ದೂರಕ್ಕೆ. ಯಾಕಪ್ಪಾ, ನಾವು ಹೋಗೋದು ಒಂದೇ ಕಡೆ ಅಲ್ವಾ ಅಂದರೆ, ಬರುವಾಗ ಖಾಲಿ ಬರಬೇಕಲ್ಲ ಸಾರ್ ಅಂತ ಉತ್ತರ. ಕೇಳಲು ಕ್ರೂರ ಅನ್ನಿಸುತ್ತದೆ. ಆದರೆ ಡೀಸೆಲ್ ಎರಡೂ ಕಡೆಗೆ ಬೇಕು, ಗಾಡಿ ಸಾಲದ ಕಂತು ಇದೆ, ಬೆಂಗಳೂರಿನಿಂದ ಹಾಸನಕ್ಕೆ ಬರುವ ಬಾಡಿಗೆ ಸಿಗುವುದು ಸಾಮಾನ್ಯವಾಗಿ ಯಾವಾಗ? ಯಾರಾದರೂ ಅಲ್ಲಿ ತೀರಿಕೊಂಡಾಗ. ಆಗ ಅದು ‘ಬಾಡಿ ಶಿಫ್ಟಿಂಗ್’. ಬದುಕಿದವರನ್ನು ಒಯ್ದು, ಸತ್ತವರನ್ನು ತರುವ ಬಾಡಿಗೆ ಸಿಕ್ಕರೆ ಆ ದಿನ ಗಿಟ್ಟಿತು. ಮೇಲೆ ಹೇಳಿದ ಅಮೆರಿಕದ ಶವಸಂಸ್ಕಾರದವರ ಗಾಡಿಯ ಲೆಕ್ಕವೇ ಇಲ್ಲೂ ಇದೆ.

ಇವರನ್ನು ಬೈಯುವುದು ಸುಲಭ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರೂ ಇವರೇ.

ಬಾಡಿಗೆ ಲೆಕ್ಕದ ಜೊತೆ ನಮ್ಮಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ, ಘಟ್ಟದ ಲೆಕ್ಕ. ಲಾಸ್ ಏಂಜಲಿಸ್‌ನಲ್ಲಿ ಬೀದಿ ಹೆಸರು, ಮನೆ ನಂಬರ್ ಹೇಳಿದರೆ ಆಯ್ತು. ಮೂಡಿಗೆರೆ ಕಡೆಯ ತೋಟವೊಂದರ ಕಾರ್ಮಿಕರ ಲೈನ್ ಮನೆಯಿಂದ ಫೋನ್ ಮಾಡುವುದನ್ನು ಊಹಿಸಿಕೊಳ್ಳಿ. ಸಿಗ್ನಲ್ ಸಿಗಲು ಮೊದಲು ಗುಡ್ಡ ಹತ್ತಬೇಕು. ಎಲ್ಲೋ ದೂರದ ಕಾಲ್ ಸೆಂಟರಿನಲ್ಲಿ ಕೂತ ಹುಡುಗಿ, ಪಾಪ ಅವರದೂ ತಪ್ಪಿಲ್ಲ, ಜಿಲ್ಲೆ ಯಾವುದು, ತಾಲ್ಲೂಕು ಯಾವುದು, ಹತ್ತಿರದ ಲ್ಯಾಂಡ್‌ಮಾರ್ಕ್ ಹೇಳಿ ಸಾರ್ ಅಂತಾರೆ. ಇವರು, ‘ಸೊಸೈಟಿ ದಾಟಿ ಎಡಕ್ಕೆ ತಿರುಗಿ, ಹಳೇ ಪಲ್ಪರ್ ಮನೆ ಸಿಗುತ್ತೆ, ಅಲ್ಲಿಂದ ಮಣ್ಣು ರಸ್ತೆ, ಗೇಟ್ ಹತ್ರ ನಮ್ಮ ಹುಡುಗ ಟಾರ್ಚ್ ಹಿಡ್ಕೊಂಡು ನಿಂತಿರ್ತಾನೆ’ ಅಂತಾರೆ. ‘ಪಲ್ಪರ್ ಅಂದ್ರೆ ಏನ್ ಸಾರ್?’ ‘ಮೇಡಂ, ಮೊದ್ಲು ಗಾಡಿ ಕಳ್ಸಿ, ಆಮೇಲೆ ಹೇಳ್ತೀನಿ.’ ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಕೊನೆಗೆ ಯಾರದೋ ಪಿಕಪ್ಪಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಡಾಂಬರು ರಸ್ತೆಯವರೆಗೆ ಬಂದು, ಅರ್ಧ ದಾರಿಯಲ್ಲಿ 108 ಎದುರಾಗಿ ಅಲ್ಲೇ ಬದಲಾಯಿಸುವುದು. ಕಳಸ, ಶೃಂಗೇರಿ ಕಡೆಯ ಕೆಲವು ಹಳ್ಳಿಗಳಿಂದ ರೋಗಿಯನ್ನು ಜೋಲಿ ಕಟ್ಟಿ ಹೊತ್ತು ತರುವ ಚಿತ್ರಗಳು ಮಳೆಗಾಲದಲ್ಲಿ ಈಗಲೂ ಸುದ್ದಿಯಾಗುತ್ತವೆ.

ರಸ್ತೆ ಸಿಕ್ಕ ಮೇಲೂ ಮುಗಿಯಲಿಲ್ಲ. ಸಕಲೇಶಪುರದಿಂದ ಮಂಗಳೂರಿಗೆ ಹೋಗಬೇಕೆಂದರೆ ಶಿರಾಡಿ, ಕೊಟ್ಟಿಗೆಹಾರದಿಂದ ಇಳಿಯಬೇಕೆಂದರೆ ಚಾರ್ಮಾಡಿ. 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಕುಸಿದು ಶಿರಾಡಿ ದಾರಿಯೇ ಬಂದ್ ಆಗಿತ್ತು. ಇಂಥ ರಸ್ತೆಯಲ್ಲೇ ನಮ್ಮವರು ‘ಜೀರೋ ಟ್ರಾಫಿಕ್’ ಅನ್ನುವ ಸಾಹಸವನ್ನೂ ಮಾಡಿ ತೋರಿಸಿದ್ದಾರೆ. 2020ರ ಫೆಬ್ರವರಿಯಲ್ಲಿ 40 ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸಿದರು. ದಾರಿಯುದ್ದಕ್ಕೂ ಜನ ನಿಂತು ಕೈಬೀಸಿದರು. ಒಳ್ಳೆಯದೇ. ಆದರೆ ಜೀರೋ ಟ್ರಾಫಿಕ್‌ನಲ್ಲಿ ಒಂದು ಮಗುವಿಗೆ ಸಿಕ್ಕ ದಾರಿ ಮಾಮೂಲಿ ದಿನದಲ್ಲಿ ಉಳಿದವರಿಗೆ ಸಿಗುವುದಿಲ್ಲ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಆ ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ.

ಇಷ್ಟೆಲ್ಲ ಅವಸರ ಯಾಕೆ ಅಂದರೆ ಮೈಯೊಳಗಿನ ಗಡಿಯಾರ ಯಾವ ಟೆಂಡರಿಗೂ ಕಾಯುವುದಿಲ್ಲ. ಹೃದಯ ಪೂರ್ತಿ ನಿಂತುಹೋದರೆ, ಯಾರೂ ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ 7ರಿಂದ 10ರಷ್ಟು ಇಳಿಯುತ್ತದೆ. ಗುಣಿಸಿ ನೋಡಿ, ಹತ್ತು ಹನ್ನೆರಡು ನಿಮಿಷದಲ್ಲಿ ಕಥೆ ಮುಗಿದಂತೆ. ಮಲೆನಾಡಿನಲ್ಲಿ ಅಷ್ಟು ಹೊತ್ತಿಗೆ ಗಾಡಿ ಬರುವುದು ಕನಸಿನ ಮಾತು. ಹಾಗಾಗಿ ಪಕ್ಕದಲ್ಲಿರುವವರು ಎದೆ ಮಧ್ಯೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಇರಬೇಕು. ಹೃದಯಾಘಾತ ಬೇರೆ, ಅಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ, ಹೃದಯ ಇನ್ನೂ ಬಡಿಯುತ್ತಿರುತ್ತದೆ, ಸ್ವಲ್ಪ ಸಮಯ ಇರುತ್ತದೆ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಓದಿ ಜನ ಮೈಸೂರಿನ ಜಯದೇವದ ಮುಂದೆ ಕ್ಯೂ ನಿಂತದ್ದು ನೆನಪಿರಬಹುದು. ಜಯದೇವ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಆ ಗಲಾಟೆಯಲ್ಲಿ ಯಾರೂ ಜಾಸ್ತಿ ಮಾತಾಡದ ವಿಷಯವೊಂದಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅಂದರೆ ಎದೆ ನೋವು ಬಂದಾಗ ಸಕಲೇಶಪುರದವರು ನೇರ ಬೆಂಗಳೂರಿಗೆ ಗಾಡಿ ಮಾಡಿಕೊಂಡು ಓಡುವುದಕ್ಕಿಂತ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ ಮುಟ್ಟುವುದೇ ಲೇಸು. ದೂರದ ಬಾಡಿಗೆ ಹಿಡಿದರೆ ದುಡ್ಡೂ ಹೋಗುತ್ತದೆ, ಹೊತ್ತೂ ಹೋಗುತ್ತದೆ.

ಸರಿ, ಆದರೆ ಗಾಡಿ ಒಳಗಿನವರು ನಗುವುದು ಯಾಕೆ? ಮನಸ್ಸಿನ ಒಳಗನ್ನು ಕೆದಕಿದ ಮನೋವಿಶ್ಲೇಷಕ ಫ್ರಾಯ್ಡ್ 1927ರಲ್ಲಿ ಹಾಸ್ಯದ ಬಗ್ಗೆ ಬರೆಯುತ್ತಾ ಒಂದು ಉದಾಹರಣೆ ಕೊಡುತ್ತಾನೆ. ಸೋಮವಾರ ಬೆಳಗ್ಗೆ ಗಲ್ಲಿಗೆ ಕರೆದುಕೊಂಡು ಹೋಗುತ್ತಿರುವ ಕೈದಿ, ‘ಪರವಾಗಿಲ್ಲ, ವಾರ ಚೆನ್ನಾಗಿ ಶುರುವಾಯ್ತು’ ಅಂದನಂತೆ. ತಪ್ಪಿಸಿಕೊಳ್ಳಲಾಗದ ಕಡೆ ಮನಸ್ಸು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವ ಉಪಾಯ ಅದು. ದಿನಕ್ಕೆ ನಾಲ್ಕು ಸಾವು ನೋಡಿ ಸಂಜೆ ಮನೆಗೆ ಹೋಗಿ ಮುದ್ದೆ ಉಣ್ಣಬೇಕಾದವರು ಎಲ್ಲದಕ್ಕೂ ಅತ್ತರೆ ಮಾರನೇ ದಿನ ಕೆಲಸಕ್ಕೆ ಬರಲಾರರು. ಅವರ ಜೋಕು ಅವರ ನಡುವೆ ಇರುತ್ತದೆ, ರೋಗಿಯ ಮನೆಯವರ ಕಿವಿಗೆ ಬೀಳಬಾರದು. ಸಿನಿಮಾ ಮಾಡುವುದು ಅದನ್ನೇ ಪರದೆ ಸರಿಸಿ ನಮಗೆ ಕೇಳಿಸುವುದು, ಅದಕ್ಕೇ ಸ್ವಲ್ಪ ಮುಜುಗರ. ಕನ್ನಡದವರಿಗೆ ಇದು ಹೊಸದೇನಲ್ಲ ಬಿಡಿ. ‘ತಿಥಿ’ ಸಿನಿಮಾದಲ್ಲಿ ಅಜ್ಜ ಸತ್ತ ಹನ್ನೊಂದು ದಿನವನ್ನೇ ಇಟ್ಟುಕೊಂಡು, ಆಸ್ತಿ ಪತ್ರದ ಓಡಾಟವನ್ನೇ ತಮಾಷೆ ಮಾಡಿಲ್ಲವಾ? ಅಲ್ಲೂ ನಗು ಬರುವುದು ಸಾವಿನಿಂದಲ್ಲ, ಸಾವಿನ ಸುತ್ತ ಬದುಕಿದವರು ಹಾಕುವ ಲೆಕ್ಕದಿಂದ.

ಸಿನಿಮಾವಾಗಿ ‘ಮದರ್, ಜಗ್ಸ್ ಅಂಡ್ ಸ್ಪೀಡ್’ ಹೇಗಿದೆ ಅಂತ ಕೇಳಿದರೆ, ಹಳಸಿದ ಭಾಗ ಬೇಕಾದಷ್ಟಿದೆ. ಜೆನಿಫರ್‌ಗೆ ಗಂಡಸರು ಇಟ್ಟ ಅಡ್ಡಹೆಸರು ‘ಜಗ್ಸ್’, ಹೆಣ್ಣಿನ ಎದೆಯನ್ನು ಹೇಳುವ ಕೀಳು ಮಾತು, ಅದೇ ಸಿನಿಮಾದ ಹೆಸರಿನಲ್ಲಿ ಕೂತಿದೆ. ಗಾಡಿ ಹತ್ತಲು ಅವಳು ಮಾಡುವ ಹೋರಾಟ ಸಿನಿಮಾದ ಒಳ್ಳೆಯ ಎಳೆ, ರಾಕೆಲ್ ವೆಲ್ಚ್ ಚೆನ್ನಾಗಿ ಮಾಡಿದ್ದಾರೆ, ಆದರೆ ಕ್ಯಾಮೆರಾ ಅವಳ ಪರವೂ ಇದೆ, ಅವಳನ್ನು ದಿಟ್ಟಿಸುವವರ ಪರವೂ ಇದೆ. ಮದರ್ ಪಾತ್ರದ ಬಿಲ್ ಕಾಸ್ಬಿಗೆ 2018ರಲ್ಲಿ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಶಿಕ್ಷೆಯಾಗಿ, 2021ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದುಮಾಡಿತು. ಅದು ಗೊತ್ತಿದ್ದು ಅವನ ತುಂಟತನ ನೋಡಿ ನಗುವುದು ಕಷ್ಟ. ಸ್ಪೀಡ್ ಪಾತ್ರದ ಹಾರ್ವಿ ಕೈಟಲ್ ಮಾತ್ರ ಇವತ್ತಿಗೂ ಹೊಸದಾಗಿ ಕಾಣುತ್ತಾರೆ.

ಇದೇ ಜಾತಿಯ ಇನ್ನೊಂದು ಸಿನಿಮಾ ‘ಬ್ರಿಂಗಿಂಗ್ ಔಟ್ ದ ಡೆಡ್’, 1999ರದ್ದು, ಮಾರ್ಟಿನ್ ಸ್ಕಾರ್ಸೇಸಿ ಮಾಡಿದ್ದು. ಮೂಲ ಕಾದಂಬರಿ ಬರೆದ ಜೋ ಕಾನಲಿ ಸ್ವತಃ ನ್ಯೂಯಾರ್ಕಿನಲ್ಲಿ ಪ್ಯಾರಾಮೆಡಿಕ್ ಆಗಿದ್ದವರು, ಅದು ಪ್ರತಿ ಫ್ರೇಮಿನಲ್ಲೂ ಗೊತ್ತಾಗುತ್ತದೆ. ನಿಕೊಲಾಸ್ ಕೇಜ್ ಇದರಲ್ಲಿ ನಿದ್ದೆ ಕೆಟ್ಟ ರಾತ್ರಿ ಪಾಳಿಯವನು. ತಾನು ಉಳಿಸಲಾಗದೆ ಹೋದ ಹುಡುಗಿ ಬೀದಿ ಬೀದಿಯಲ್ಲಿ ಕಾಣಿಸುತ್ತಾಳೆ, ದಯವಿಟ್ಟು ನನ್ನನ್ನು ಕೆಲಸದಿಂದ ತೆಗೆದುಹಾಕಿ ಅಂತ ಮೇಲಧಿಕಾರಿಯನ್ನು ಬೇಡಿಕೊಳ್ಳುತ್ತಾನೆ, ಜನ ಕಡಿಮೆ ಇದ್ದಾರೆ, ನಾಳೆ ತೆಗೆಯುತ್ತೇನೆ, ಇವತ್ತು ಗಾಡಿ ಹತ್ತು ಅಂತ ಅಧಿಕಾರಿ ಕಳಿಸುತ್ತಾನೆ. ಒಂದೇ ಸಿನಿಮಾ ನೋಡಲು ಸಮಯ ಇದ್ದರೆ ಇದನ್ನೇ ನೋಡಿ. ಬಾಡಿಗೆ ಲೆಕ್ಕ ಅರ್ಥ ಆಗಬೇಕಾದರೆ 1976ರದ್ದು. ಆಸ್ಪತ್ರೆಯಲ್ಲಿ ಮನೆಯವರು ಯಾರಾದರೂ ಇರುವ ವಾರ ಮಾತ್ರ ಎರಡೂ ಬೇಡ.